ಗಾಳಿಚೀಲಕ್ಕೊಂದು ಕಂಬ

ನನ್ನ ಹೆಂಡತಿ ಕೊನೆಯದಾಗಿ ಹೊಲಿದದ್ದು ಒಂದು ಗಾಳಿಚೀಲ. ದೋಣಿಕಟ್ಟೆಗೆಂದು ಹೊಲಿದಳು. ಒಂದು ಆಳುದ್ದದ ಬಟ್ಟೆಯ ಕೊಳವೆ. ಬಾಯಿ ಅಗಲ, ಬಾಲ ಸಣ್ಣ. ಒಂದು ಪಟ್ಟಿ ಕಿತ್ತಳೆ, ಒಂದು ಪಟ್ಟಿ ಬಿಳಿ. ಕಂಬದ ತುದಿಗೆ ಕಟ್ಟಿದರೆ ಬಾಯಿಯಿಂದ ಗಾಳಿ ಹೊಕ್ಕು ಚೀಲ ಉಬ್ಬುತ್ತದೆ, ಬಾಲ ಗಾಳಿ ಹೋಗುವ ಕಡೆಗೆ ನೆಟ್ಟಗೆ ನಿಲ್ಲುತ್ತದೆ. ಸರೋವರದ ಆ ದಡದಿಂದ ಬರುವ ದೋಣಿಯವನು ಅದನ್ನು ದೂರದಿಂದ ನೋಡಿ, ಕಟ್ಟೆಗೆ ಯಾವ ಮಗ್ಗುಲಿಂದ ಬರಬೇಕು, ಎಂಜಿನ್ನು ಎಲ್ಲಿ ನಿಲ್ಲಿಸಬೇಕು ಎಂದು ಗೊತ್ತುಮಾಡಿಕೊಳ್ಳುತ್ತಾನೆ. ಹಳೆಯ ಚೀಲವೂ ಅದರ ಮರದ ಕಂಬವೂ ಹಿಂದಿನ ವರ್ಷದ ಬಿರುಗಾಳಿಗೆ ಹೋಗಿದ್ದವು.

ಬಾಲದ ಅಂಚು ಮಡಿಸಿ ಹೊಲಿಯುವುದೊಂದು ಬಾಕಿ ಇತ್ತು, ಅಷ್ಟರಲ್ಲಿ ಅವಳ ಕೈ ಸೋತಿತು. ಅದನ್ನು ಅವಳ ತಂಗಿ, ನನ್ನ ನಾದಿನಿ, ಮುಗಿಸಿಕೊಟ್ಟಳು. ಹೆಂಡತಿ ದಿಂಬಿಗೆ ಒರಗಿ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿ, "ಕಂಬ ನೀವೇ ತಂದು ನಿಲ್ಲಿಸ್ಬೇಕು. ಪೆಟ್ಟಿಗೇಲಿ ಇಟ್ಕೊಂಡು ಅಳ್ತಾ ಕೂತ್ಕೋಬೇಡಿ," ಎಂದಳು. ಹೂಂ ಎಂದೆ. ಆರನೆಯ ದಿನ ದೇವರು ಅವಳನ್ನು ಕರೆದುಕೊಂಡ.

ನಾನು ಚೀಲವನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡೇ ಏಳು ತಿಂಗಳು ಕಳೆದೆ. ಅತ್ತದ್ದು ನಿಜ, ಕೂತದ್ದು ಮಾತ್ರ ಸುಳ್ಳು. ಅವಳು ಹೋದ ಮೇಲೆ ನನಗೆ ಕೂರುವುದೇ ಆಗುತ್ತಿರಲಿಲ್ಲ. ಬೆಳಗಿನ ಪ್ರಾರ್ಥನೆಗೆ ಕೂತರೆ ಅರ್ಧದಲ್ಲಿ ಏಳುತ್ತಿದ್ದೆ. ಎದ್ದು ಕಿಟಕಿಯ ಹತ್ತಿರ ಹೋಗಿ ಚಿಲಕ ಅಲ್ಲಾಡಿಸುತ್ತಿದ್ದೆ. ಊಟದ ತಟ್ಟೆ ಹಿಡಿದು ಮೂರು ಕೋಣೆ ಸುತ್ತುತ್ತಿದ್ದೆ. ದೇವರು ಎಲ್ಲಿದ್ದರೂ ಕೇಳಿಸಿಕೊಳ್ಳುತ್ತಾನೆಂದು ನಡೆಯುತ್ತಲೇ ಪ್ರಾರ್ಥನೆ ಮುಗಿಸಲು ನೋಡಿದೆ. ನಡೆಯುವಾಗ ಮಾತು ಮರೆತು ಹೆಜ್ಜೆ ಎಣಿಸುತ್ತಿದ್ದೆ.

ನಾನು ನಲವತ್ತೊಂದು ವರ್ಷ ಹೊಲಿಗೆ ಯಂತ್ರ ರಿಪೇರಿ ಮಾಡಿದವನು. ಎದೆಯ ಜೇಬಿನಲ್ಲಿ ಸದಾ ಒಂದು ಸಣ್ಣ ಎಣ್ಣೆಡಬ್ಬಿ, ಉದ್ದ ಮೂಗಿನದು. ಅವಳ ಪರಿಚಯವಾದದ್ದೂ ಹಾಗೆಯೇ. ಅವಳ ಮನೆಯ ಯಂತ್ರ ತಿಂಗಳಿಗೆ ಮೂರು ಸಲ ಕೆಡುತ್ತಿತ್ತು. ಮಾವ ಒಳ್ಳೆಯ ಮನುಷ್ಯ. ಕಂಪನಿಯವರನ್ನು ಬೈಯುತ್ತಿದ್ದರೇ ಹೊರತು ಮಗಳನ್ನು ಅನುಮಾನಿಸಲಿಲ್ಲ. ಯಾವ ತಿರುಪನ್ನು ಎಷ್ಟು ಸಡಿಲ ಮಾಡುತ್ತಿದ್ದಳೆಂದು ಮದುವೆಯಾದ ಮೇಲೆ ಅವಳೇ ತೋರಿಸಿಕೊಟ್ಟಳು.

ಅವಳಿಲ್ಲದ ಮನೆಯಲ್ಲಿ ಆ ಯಂತ್ರಕ್ಕೆ ನಾನು ದಿನವೂ ಎಣ್ಣೆ ಹಾಕತೊಡಗಿದೆ. ಹೊಲಿಯುವವರಿಲ್ಲ, ಆದರೂ ಹಾಕುತ್ತಿದ್ದೆ. ಆಮೇಲೆ ಬಾಗಿಲ ಕೀಲುಗಳಿಗೆ, ಕಿಟಕಿಯ ಚಿಲಕಕ್ಕೆ, ಗೇಟಿಗೆ, ಪಕ್ಕದ ಮನೆಯ ಗೇಟಿಗೆ.

"ಭಾವ, ಇಡೀ ಬೀದೀಲಿ ಒಂದು ಬಾಗಿಲೂ ಸದ್ದು ಮಾಡ್ತಿಲ್ಲ," ಎಂದಳು ನಾದಿನಿ ಒಂದು ದಿನ. ಅವಳ ಮನೆ ಎರಡು ಬಾಗಿಲಾಚೆ. "ಕಳ್ಳರಿಗೆ ಇಷ್ಟು ಅನುಕೂಲ ಮಾಡಿಕೊಟ್ಟವರು ಇನ್ನೊಬ್ಬರಿಲ್ಲ. ಆ ಡಬ್ಬಿ ಕೆಳಗಿಟ್ಟು ಅಕ್ಕ ಹೇಳಿದ ಕೆಲಸ ಮಾಡಿ. ಗಾಳಿಗಾಲ ಹತ್ರ ಬಂತು, ದೋಣಿಯವನು ಎರಡು ಸಲ ಕೇಳಿದ."

ಆವತ್ತೇ ಕಂಬದ ಅಂಗಡಿಗೆ ಹೋದೆ.

ಅಂಗಡಿಯಾಕೆ ಗಟ್ಟಿ ದನಿಯ ಹೆಂಗಸು. ಬಾವುಟದ ಕಂಬ, ಡೇರೆಯ ಕಂಬ, ಬಟ್ಟೆ ಒಣಹಾಕುವ ಕಂಬ, ಎಲ್ಲವನ್ನೂ ಗೋಡೆಗೆ ಒರಗಿಸಿಟ್ಟಿದ್ದಳು. ದೋಣಿಕಟ್ಟೆಗೆ ಎಂದ ಕೂಡಲೆ, "ಒಂದೇ ತುಂಡಿನದು ಬೇಡ. ಬಿರುಗಾಳಿ ಬಂದಾಗ ಇಳಿಸೋಕಾಗಲ್ಲ, ಮುರಿದೇ ಹೋಗುತ್ತೆ. ಒಂದರೊಳಗೊಂದು ಸರಿಯೋ ಕೊಳವೆಗಳದ್ದು ತಗೊಳ್ಳಿ," ಎಂದು ಎರಡು ಕಂಬ ಎದುರಿಗಿಟ್ಟಳು. ಎರಡರಲ್ಲೂ ಐದೈದು ಅಲ್ಯೂಮಿನಿಯಂ ಕೊಳವೆ, ಪೂರ್ತಿ ಎಳೆದರೆ ಇಪ್ಪತ್ತು ಅಡಿ. ಮೊದಲನೆಯದಕ್ಕೆ ಪಿನ್ನು: ಕೊಳವೆ ಎಳೆದಾಗ ಒಳಗಿನ ಗುಂಡಿ ತೂತಿಗೆ ಬಂದು ಟಕ್ಕನೆ ಕೂರುತ್ತದೆ. ಎರಡನೆಯದಕ್ಕೆ ಪಿನ್ನಿಲ್ಲ, ಎಳೆದು ತಿರುಚಿದರೆ ಒಳಗಿನ ಕೊರಳಪಟ್ಟಿ ಹಿಗ್ಗಿ ಬಿಗಿಯಾಗುತ್ತದೆ, ಬೇಕಾದ ಎತ್ತರಕ್ಕೆ ನಿಲ್ಲುತ್ತದೆ.

ಪಿನ್ನಿನದನ್ನು ಅಲ್ಲಾಡಿಸಿ ನೋಡಿದೆ. ಲೊಡಲೊಡ ಎಂದಿತು.

"ಇದು ಸಡಿಲ," ಎಂದೆ.

"ಸದ್ದು ಮಾಡುತ್ತೆ ಅಷ್ಟೇ, ಜಾರಲ್ಲ. ಕಟ್ಟೆಗೆ ಇದೇ ಸರಿ ಅಂತೀನಿ."

"ಸದ್ದು ಮಾಡೋದು ಅಂದ್ರೆ ಸವೆಯೋದು ಅಂತ. ನನಗೆ ಗೊತ್ತು."

"ಸರಿ, ತಿರುಚೋದೇ ತಗೊಳ್ಳಿ. ದಪ್ಪ ತಗಡಿನದು, ಚೆನ್ನಾಗೇ ಇದೆ. ಆದ್ರೆ ಯಜಮಾನ್ರೇ, ಒಂದು ಮಾತು ಕೇಳಿಸ್ಕೊಳ್ಳಿ. ಇದರ ಕೀಲಿಗೆ..."

"ತಾಯಿ, ನಲವತ್ತೊಂದು ವರ್ಷ ಯಂತ್ರಗಳ ಜೊತೆ ಬಾಳಿದ್ದೀನಿ. ಕೀಲಿನ ವಿಷಯ ನನಗೆ ಹೇಳ್ಬೇಡ."

ಅವಳು ಬಾಯಿ ಮುಚ್ಚಿದಳು. ಕಂಬ ಬಳಸುವ ವಿಧಾನ ಬರೆದ ಒಂದು ಚೀಟಿ ಕೊಟ್ಟಳು. ಮಡಚಿ ಜೇಬಿಗೆ ಹಾಕಿದೆ. ಅದು ಎಣ್ಣೆಡಬ್ಬಿಯ ಕೆಳಗೆ ಕೂತು ಜಿಡ್ಡು ಹೀರಿ ಅಕ್ಷರ ಕಾಣದ ಹಾಗಾಯಿತು.

ಮನೆಗೆ ಬಂದು ಕಂಬವನ್ನು ಅಂಗಳದಲ್ಲಿ ಮಲಗಿಸಿದೆ. ಎಳೆದೆ, ತಿರುಚಿದೆ. ಕೊಳವೆ ಕೊಳವೆಗೆ ಉಜ್ಜಿ ಕಿರ್ರೆಂದಿತು. ಆ ಸದ್ದು ನನ್ನ ಹಲ್ಲಿಗೆ ತಾಗಿತು. ಯೋಚನೆ ಮಾಡಿದೆ ಎಂದು ಹೇಳಲಾರೆ. ಕೈ ತಾನಾಗಿ ಜೇಬಿಗೆ ಹೋಯಿತು. ಕೀಲಿಗೆ ನಾಲ್ಕು ಹನಿಯಂತೆ ನಾಲ್ಕು ಕೀಲಿಗೂ ಹಾಕಿ ಹಿಂದೆ ಮುಂದೆ ಆಡಿಸಿದೆ. ಬೆಣ್ಣೆಯ ಹಾಗೆ ಸರಿಯಿತು. ಏಳು ತಿಂಗಳಲ್ಲಿ ನನಗೆ ಮೊದಲ ಸಲ ಒಂದು ಕೆಲಸ ಚೆನ್ನಾಗಿ ಮಾಡಿದ ಸುಖ ಸಿಕ್ಕಿತು.

ಮಾರನೆಯ ದಿನ ಕಟ್ಟೆಗೆ ಹೋಗಿ ಟಿಕೆಟ್ ಶೆಡ್ಡಿನ ಹಿಂದೆ ನೆಲ ಅಗೆದೆವು, ನಾನೂ ದೋಣಿಯವನೂ. ವಿದ್ಯುತ್ ತಂತಿಯಿಂದ ದೂರ ನೋಡಿ ಜಾಗ ಹಿಡಿದೆವು. ಎರಡಡಿ ಗುಂಡಿ, ತಳಕ್ಕೆ ಜಲ್ಲಿ, ಅದರ ಮೇಲೆ ದಪ್ಪ ಪೈಪು, ಪೈಪಿನೊಳಗೆ ಕಂಬದ ಬುಡ. ಚೀಲವನ್ನು ಸುತ್ತಲೂ ತಿರುಗುವ ಬಳೆಗೆ ಸಿಕ್ಕಿಸಿ, ಮೊದಲು ಎಲ್ಲಕ್ಕಿಂತ ಸಣ್ಣ ಕೊಳವೆಯನ್ನು ಎಳೆದು ತಿರುಚಿದೆ, ಆಮೇಲೆ ಅದರ ಕೆಳಗಿನದು, ಆಮೇಲೆ ಅದರ ಕೆಳಗಿನದು. ಹಾಗೆ ಮಾಡಿದರೆ ಕೀಲು ಯಾವಾಗಲೂ ಕೈಗೆ ಸಿಗುತ್ತದೆ. ಚೀಲ ಶೆಡ್ಡಿನ ಮಾಡು ದಾಟಿ ಮೇಲೆ ಹೋಯಿತು. ಒಮ್ಮೆ ಮಡಿಸಿಕೊಂಡಿತು, ಒಮ್ಮೆ ಕೊಡವಿಕೊಂಡಿತು. ಆಮೇಲೆ ಬಾಯಿ ತುಂಬ ಗಾಳಿ ಕುಡಿದು ನೆಟ್ಟಗಾಯಿತು.

"ಅಕ್ಕನ ಹೊಲಿಗೆ ಅಲ್ವಾ," ಎಂದ ದೋಣಿಯವನು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ನಾನು ಬೇರೆ ಕಡೆ ನೋಡಿದೆ.

ಮೂರನೆಯ ದಿನಕ್ಕೆ ಚೀಲ ಒಂದು ಗೇಣು ಕೆಳಗಿತ್ತು. ಏರಿಸಿದೆ. ಐದನೆಯ ದಿನಕ್ಕೆ ಎರಡು ಗೇಣು. ನಿಂತು ನಿಂತು ಸುಸ್ತಾದವರು ಗೋಡೆಗೊರಗಿ ಜಾರುವ ಹಾಗೆ ಕಂಬ ಸದ್ದಿಲ್ಲದೆ ಜಾರುತ್ತಿತ್ತು. ಇನ್ನೂ ಬಿಗಿಯಾಗಿ ತಿರುಚಿದೆ, ಅಂಗೈ ಕೆಂಪಾಯಿತು. ತಿರುಪು ಸರಾಗವಾಗಿ ಬರಲಿ ಎಂದು, ದೇವರು ಕ್ಷಮಿಸಲಿ, ಮತ್ತೆ ಎರಡೆರಡು ಹನಿ ಎಣ್ಣೆ ಹಾಕಿದೆ.

"ಅಂಗಡಿಯವಳು ಮೋಸ ಮಾಡಿದ್ದಾಳೆ," ಎಂದು ಕಟ್ಟೆಯಲ್ಲಿ ಹೇಳಿದೆ. "ಒಳಗಿನ ಪಟ್ಟಿ ಸವೆದ ಕಂಬ ಕೊಟ್ಟಿದ್ದಾಳೆ." ಟಿಕೆಟ್ ಕೊಳ್ಳಲು ನಿಂತ ಹತ್ತು ಜನ ಕೇಳಿಸಿಕೊಂಡರು. ಹತ್ತು ಜನರಿಗೂ ಮತ್ತೆ ಹತ್ತತ್ತು ಜನರ ಪರಿಚಯ.

ಎಂಟನೆಯ ದಿನ ಬೆಳಿಗ್ಗೆ ನಾನು ಕಟ್ಟೆಗೆ ಹೋಗಲಿಲ್ಲ. ಒಂದು ದಿನವಾದರೂ ಪ್ರಾರ್ಥನೆ ಮುಗಿಸೋಣವೆಂದು ಹಟ ಹಿಡಿದು ಕೂತೆ. ಆವತ್ತು ಗಾಳಿ ನೀರಿನ ಕಡೆಯಿಂದ ದಡಕ್ಕೆ ಬೀಸುತ್ತಿತ್ತು. ಚೀಲ ಮೂರಡಿ ಜಾರಿ ಶೆಡ್ಡಿನ ಮಾಡಿನ ಮರೆಗೆ ಬಂದಿತ್ತು. ದೊಡ್ಡ ಗೋಡೆಯ ಹಿಂದೆ ಗಾಳಿ ಸುಳಿದು ವಾಪಸು ಗೋಡೆಯ ಕಡೆಗೇ ತಿರುಗುತ್ತದೆ. ಚೀಲ ಆ ಸುಳಿಗೆ ಸಿಕ್ಕಿ ಬಾಲವನ್ನು ನೀರಿನ ಕಡೆಗೆ ಚಾಚಿತ್ತು. ದೋಣಿಯವನಿಗೆ ಶೆಡ್ಡಿನ ಮೂಲೆಯಾಚೆ ಆ ಬಾಲ ಕಂಡಿತು. ಬೆನ್ನ ಹಿಂದಿನ ಗಾಳಿ ದೋಣಿಯ ಜೊತೆಗೇ ಓಡುವುದರಿಂದ ಅದು ಮೈಗೆ ತಿಳಿಯಲಿಲ್ಲ. ಗಾಳಿ ಎದುರಿಗಿದೆ, ತನ್ನನ್ನು ತಡೆಯುತ್ತದೆ ಎಂದುಕೊಂಡು ಎಂಜಿನ್ನು ಬೇಗ ನಿಲ್ಲಿಸಲಿಲ್ಲ. ಗಾಳಿ ದೋಣಿಯನ್ನು ನೂಕಿಕೊಂಡು ಬಂದು ಕಟ್ಟೆಗೆ ಬಡಿಸಿತು.

ಯಾರ ಜೀವಕ್ಕೂ ಏನೂ ಆಗಲಿಲ್ಲ. ಆದರೆ ಆ ದಡದಿಂದ ಮೊಟ್ಟೆ ತಂದು ಈ ದಡದಲ್ಲಿ ಮಾರುವ ಹೆಂಗಸು ಮುಗ್ಗರಿಸಿ ಬಿದ್ದಳು. ಬಲಗೈ ಮಣಿಕಟ್ಟು ಊದಿಕೊಂಡಿತು. ಆರು ತಟ್ಟೆ ಮೊಟ್ಟೆ ಕಟ್ಟೆಯ ಕಲ್ಲಿನ ಮೇಲೆ ಒಡೆದು ಹರಿಯಿತು.

ಸುದ್ದಿ ಕೇಳಿ ಓಡಿದೆ. ಕಟ್ಟೆಯ ಮೇಲ್ವಿಚಾರಕ, ಕೊರಳಲ್ಲಿ ಯಾವಾಗಲೂ ಸೀಟಿ ನೇತುಹಾಕಿಕೊಂಡಿರುವುದರಿಂದ ಎಲ್ಲರ ಬಾಯಲ್ಲೂ ಅವನು ಸೀಟಿಯೇ, ನನ್ನನ್ನು ಕಂಡವನೇ ಕಂಬದ ಕಡೆ ಕೈ ತೋರಿಸಿದ.

"ಅಜ್ಜಾ, ನಿಮ್ಮ ಮನೆಯವರ ಬಗ್ಗೆ ನನಗೆ ಗೌರವ ಇದೆ. ಆದ್ರೆ ಆ ಚೀಲ ಸುಳ್ಳು ಹೇಳುತ್ತೆ. ಶನಿವಾರ ಸಂಜೆ ಒಳಗೆ ಬಿಚ್ಚಿ ತಗೊಂಡು ಹೋಗಿ. ಬೇರೆ ಏನಾದ್ರೂ ತರಿಸ್ತೀನಿ."

"ಚೀಲದ್ದಲ್ಲಪ್ಪ, ಕಂಬದ್ದು."

"ಯಾವುದರದ್ದೋ. ಜನ ಆಗ್ಲೇ ಅದನ್ನ ಸುಳ್ಳಿ ಅಂತ ಕರೀತಿದ್ದಾರೆ."

ಆ ಹೆಸರು ನನ್ನ ಎದೆಗೆ ನಾಟಿತು. ನಲವತ್ತು ವರ್ಷದಲ್ಲಿ ನನ್ನ ಹೆಂಡತಿ ಸುಳ್ಳು ಹೇಳಿದ್ದು ಮದುವೆಗೆ ಮುಂಚೆ, ಯಂತ್ರ ಕೆಟ್ಟಿದೆ ಎಂದು ಮಾತ್ರ. ಅವಳ ಕೈಯ ಕೊನೆಯ ಕೆಲಸಕ್ಕೆ ಈ ಹೆಸರು ಅಂಟಿ, ಅದು ಮತ್ತೆ ಪೆಟ್ಟಿಗೆ ಸೇರುವುದು. ಇದಕ್ಕಿಂತ ನಾನು ತಂದು ಕಟ್ಟದೆ ಇದ್ದಿದ್ದರೇ ಚೆನ್ನಿತ್ತು ಅನ್ನಿಸಿತು.

ಕಂಬವನ್ನು ಕಿತ್ತು, ಕುಗ್ಗಿಸಿ, ಹೆಗಲ ಮೇಲೆ ಹೊತ್ತು ನೆಟ್ಟಗೆ ಅಂಗಡಿಗೆ ನಡೆದೆ. ದಾರಿಯುದ್ದಕ್ಕೂ ಬೈಗುಳ ಹೊಂದಿಸಿಕೊಂಡೆ. ದೇವರ ನಾಮ ಹೇಳಬೇಕಾದ ನಾಲಗೆ ಆವತ್ತು ಹೊಂದಿಸಿದ ಮಾತುಗಳನ್ನು ಇಲ್ಲಿ ಬರೆಯಲಾರೆ.

ಅಂಗಡಿಯಾಕೆ ಎಲ್ಲವನ್ನೂ ಕೇಳಿಸಿಕೊಂಡಳು. ಒಂದು ಕೊಳವೆಯನ್ನು ತಿರುಚಿ ಪೂರ್ತಿ ಹೊರಗೆಳೆದಳು. ಅದರ ತುದಿಯ ಕೊರಳಪಟ್ಟಿಯನ್ನು ಹೆಬ್ಬೆರಳಿನಿಂದ ಉಜ್ಜಿ, ಬೆರಳನ್ನು ಮೂಗಿಗೆ ಹಿಡಿದಳು. ಆಮೇಲೆ ನನ್ನ ಎದೆಯ ಜೇಬಿನಿಂದ ಇಣುಕುತ್ತಿದ್ದ ಡಬ್ಬಿಯ ಮೂಗನ್ನು ನೋಡಿದಳು.

"ಎಷ್ಟು ಹನಿ ಹಾಕಿದ್ರಿ?"

ನಾನು ಡಬ್ಬಿಯ ಮೂಗನ್ನು ಜೇಬಿನೊಳಗೆ ಒತ್ತಿದೆ.

"ಇದರೊಳಗೆ ಹಲ್ಲಿಲ್ಲ, ಮೊಳೆಯಿಲ್ಲ, ಪಿನ್ನಿಲ್ಲ ಯಜಮಾನ್ರೇ. ಬರೀ ಹಿಡಿತ. ಒಣಗಿದ್ದು ಒಣಗಿದ್ದನ್ನ ಹಿಡ್ಕೊಂಡಿರುತ್ತೆ, ಅಷ್ಟೇ. ಎಣ್ಣೆ ಬಿಟ್ರೆ ಇನ್ನೇನು ಹಿಡ್ಕೊಳ್ಳುತ್ತೆ? ಆವತ್ತು ನಾನು ಹೇಳೋಕೆ ಹೊರಟಿದ್ದೂ ಇದೇ ಒಂದು ಮಾತು. ನೀವು ಬಿಡ್ಲಿಲ್ಲ."

ಸ್ಟೂಲು ಮುಂದೆ ತಳ್ಳಿದಳು. ಕೂರಲಿಲ್ಲ. ಅಂಗಡಿಯ ಈ ಗೋಡೆಯಿಂದ ಆ ಗೋಡೆಗೆ ನಡೆದೆ. ಕೀಲೆಂದರೆ ತಿರುಗಬೇಕಾದದ್ದು, ತಿರುಗುವುದಕ್ಕೆ ಎಣ್ಣೆ ಬೇಕು. ಬದುಕಿಡೀ ನನಗೆ ತಿಳಿದಿದ್ದದ್ದು ಇಷ್ಟೇ. ತಿರುಗದೆ ನಿಲ್ಲುವುದೇ ಕೆಲಸವಾಗಿರುವ ಕೀಲು ನನ್ನ ಕೈಗೆ ಸಿಕ್ಕಿರಲೇ ಇಲ್ಲ.

ಅವಳು ನನ್ನ ಓಡಾಟವನ್ನು ಸ್ವಲ್ಪ ಹೊತ್ತು ನೋಡಿ, "ಪಿನ್ನಿನದನ್ನ ಕೊಟ್ಟು ಇದನ್ನ ವಾಪಸು ತಗೋತೀನಿ," ಎಂದಳು. "ವಯಸ್ಸಾದವರು, ದುಃಖದಲ್ಲಿದ್ದೀರಿ. ಕಟ್ಟೇಲಿ ಯಾರಿಗೂ ಏನೂ ಹೇಳೋದು ಬೇಡ. ಹೇಗೂ ನನ್ನ ಕಂಬ ಸರಿಯಿಲ್ಲ ಅಂತ ಊರೆಲ್ಲ ಮಾತಾಗಿದೆ. ನಿನ್ನೆ ಇಬ್ಬರು ಬಂದು ಹಾಗೇ ಹೋದ್ರು."

ದೇವರ ಮುಂದೆ ಮುಚ್ಚಿಡುವುದೇನು, ಒಂದು ಗಳಿಗೆ ನನಗೆ ಆಸೆಯಾಯಿತು. ಕಂಬ ಬದಲಾಯಿತು, ಚೀಲ ಉಳಿಯಿತು, ನನ್ನ ನಲವತ್ತೊಂದು ವರ್ಷವೂ ಉಳಿಯಿತು. ಆದರೆ ಹೆಂಡತಿಯ ಚೀಲಕ್ಕೆ ಅಂಟಿದ ಸುಳ್ಳನ್ನು ಒರೆಸಲು ಹೋಗಿ ಈ ಹೆಂಗಸಿನ ಅಂಗಡಿಗೆ ಒರೆಸಿದ ಹಾಗಾಗುತ್ತಿತ್ತು. ಅವಳು ಕೊಟ್ಟದ್ದು ಒಳ್ಳೆಯ ಕಂಬ.

"ಇದೇ ಇರ್ಲಿ ತಾಯಿ," ಎಂದೆ. "ಹೇಗೆ ತೊಳೀಬೇಕು ಹೇಳು. ಈ ಸಲ ಕೇಳಿಸ್ಕೋತೀನಿ."

ಹೇಳಿದಳು. ಕೊನೆಯವರೆಗೂ ಕೇಳಿದೆ.

ಐದೂ ಕೊಳವೆ ಬಿಚ್ಚಿ, ಸಾಬೂನು ನೀರಿನಲ್ಲಿ ಮೂರು ಸಲ ತೊಳೆದು, ಸ್ಪಿರಿಟ್ಟಿನಿಂದ ಒರೆಸಿ, ಕೊರಳಪಟ್ಟಿಗಳನ್ನು ಬಿಳಿ ಬಟ್ಟೆಯ ಮೇಲೆ ಇಡೀ ದಿನ ಬಿಸಿಲಿಗಿಟ್ಟೆ. ಮುಟ್ಟುವ ಮುನ್ನ ಪ್ರತಿ ಸಲವೂ ಕೈ ತೊಳೆದುಕೊಂಡೆ. ನಾದಿನಿ ಬಾಗಿಲಲ್ಲಿ ನಿಂತು ನೋಡಿದಳು.

"ಏನು ಭಾವ, ಮಗು ಹುಟ್ಟಿದ ಮನೇಲಿ ಮಾಡೋ ಹಾಗೆ ಮಾಡ್ತಿದ್ದೀರಿ?"

ನಡೆದದ್ದನ್ನು ಮೊದಲು ಅವಳಿಗೆ ಹೇಳಿದೆ. ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ. ನನ್ನ ಎದೆಯ ಜೇಬಿನಿಂದ ಡಬ್ಬಿಯನ್ನು ತಾನೇ ತೆಗೆದು ಯಂತ್ರದ ಮೇಜಿನ ಖಾನೆಗೆ ಹಾಕಿ ಮುಚ್ಚಿದಳು.

ಆವತ್ತು ಇನ್ನೊಂದು ಕೆಲಸವನ್ನೂ ಮಾಡಿದೆ. ಕಂಬ ಜಾರಿದರೆ ದೋಣಿಯವನಿಗೆ ನೀರಿನ ಮೇಲಿಂದಲೇ ತಿಳಿಯಬೇಕು. ಹೆಂಡತಿಯ ಚೂರುಬಟ್ಟೆಯ ಬುಟ್ಟಿಯಲ್ಲಿ ಬಾವುಟ ಹೊಲಿದು ಉಳಿದ ಕೆಂಪು ಬಟ್ಟೆ ಇತ್ತು. ಚೀಲದ ಕೆಳಗೆ, ತುದಿಯ ಕೊಳವೆಗೆ ಗೇಣು ಗೇಣು ಬಿಟ್ಟು ಮೂರು ಅಗಲವಾದ ಕೆಂಪು ಪಟ್ಟಿ ತೊಡಿಸಿದರೆ, ಚೀಲ ಸರಿಯಾದ ಎತ್ತರದಲ್ಲಿದ್ದಾಗ ಮಾಡಿನ ಮೇಲೆ ಮೂರೂ ಕಾಣುತ್ತವೆ. ಯಾವ ಕೊಳವೆ ಜಾರಿದರೂ ಕೆಳಗಿನ ಪಟ್ಟಿ ಮಾಡಿನ ಮರೆಗೆ ಹೋಗುತ್ತದೆ, ಇಲ್ಲವೇ ಮೇಲಿನದಕ್ಕೆ ಕೂಡಿಕೊಳ್ಳುತ್ತದೆ.

ಯಂತ್ರದ ಮುಂದೆ ಕೂತೆ. ಅಷ್ಟು ವರ್ಷ ಬಿಚ್ಚಿ ಜೋಡಿಸಿದವನು ಒಂದು ಜೇಬನ್ನೂ ಹೊಲಿದವನಲ್ಲ.

"ತಡೀರಿ, ಮೊದಲು ಹಳೇ ಬಟ್ಟೆ ಮೇಲೆ ಓಡಿಸಿ," ಎಂದಳು ನಾದಿನಿ. "ನೀವು ಹುಯ್ದ ಎಣ್ಣೆ ಎಲ್ಲ ಇಳೀಲಿ. ಇಲ್ಲಾಂದ್ರೆ ಪಟ್ಟಿಗೂ ಮೆತ್ತುತ್ತೆ."

ಒಂದು ಹಳೆಯ ದಿಂಬಿನ ಚೀಲ ಕೊಟ್ಟಳು. ಅದರ ಮೇಲೆ ಸೂಜಿ ಓಡಿದಷ್ಟೂ ಕಂದು ಚುಕ್ಕೆ ಬಿದ್ದವು. ಏಳು ತಿಂಗಳ ಎಣ್ಣೆ. ಚುಕ್ಕೆ ತೆಳುವಾಗುತ್ತಾ ಬಂದು ಕೊನೆಗೆ ನಿಂತಿತು. ಆಮೇಲೆ ಕೆಂಪು ಬಟ್ಟೆ ಇಟ್ಟೆ. ಹೊಲಿಗೆ ಹಾವು ಹರಿದ ಹಾಗೆ ಬಂತು. ಬಿಚ್ಚಿ ಮತ್ತೆ ಹೊಲಿದೆ. ಮೂರು ಪಟ್ಟಿ ಮುಗಿಯುವಷ್ಟರಲ್ಲಿ ಸಂಜೆಯಾಗಿತ್ತು. ಅಷ್ಟು ಹೊತ್ತು ಒಂದೇ ಕಡೆ ಕೂತಿದ್ದೆ ಎಂಬುದು ಎದ್ದಾಗ ಮಂಡಿ ಹಿಡಿದುಕೊಂಡ ಮೇಲೆ ತಿಳಿಯಿತು.

ಶನಿವಾರ ಸಂಜೆ ಕಟ್ಟೆಯಲ್ಲಿ ಎಲ್ಲರೂ ಇದ್ದರು: ಸೀಟಿ, ದೋಣಿಯವನು, ಕೈಗೆ ಪಟ್ಟಿ ಕಟ್ಟಿಕೊಂಡ ಮೊಟ್ಟೆಯಾಕೆ, ಟಿಕೆಟ್ಟಿಗೆ ನಿಂತ ಜನ.

"ಮತ್ತೆ ನಿಲ್ಸೋಕೆ ಬಂದ್ರಾ?" ಎಂದ ಸೀಟಿ, ನನ್ನ ಹೆಗಲ ಮೇಲಿನ ಕಂಬ ನೋಡಿ.

"ಹೇಳೋಕೆ ಬಂದೆ," ಎಂದೆ. ಹಿಂದೆ ಅಂಗಡಿಯಾಕೆಯನ್ನು ಬೈದ ಜಾಗದಲ್ಲೇ, ಆವತ್ತಿನಷ್ಟೇ ದೊಡ್ಡ ದನಿಯಲ್ಲಿ ಹೇಳಿದೆ: ಕಂಬದ್ದು ತಪ್ಪಿಲ್ಲ, ಅಂಗಡಿಯದ್ದು ತಪ್ಪಿಲ್ಲ, ಚೀಲದ್ದೂ ಇಲ್ಲ. ಹಾಕಬಾರದ ಕಡೆ ಎಣ್ಣೆ ಹಾಕಿದವನು ನಾನು. ಹೇಳಲು ಬಂದವಳ ಬಾಯಿ ಮುಚ್ಚಿಸಿದವನೂ ನಾನು.

ಮೊದಲು ನಕ್ಕವಳು ಮೊಟ್ಟೆಯಾಕೆ.

"ಅಯ್ಯೋ ನಿನ್ನ ಎಣ್ಣೆ ಮನೆ ಹಾಳಾಗ! ಮೊಟ್ಟೆ ನಂದು, ಎಣ್ಣೆ ನಿಂದು, ಒಂದು ಬಾಣಲೆ ಇದ್ದಿದ್ರೆ ಆವತ್ತು ಕಟ್ಟೆಯವರಿಗೆಲ್ಲ ಊಟ ಆಗ್ತಿತ್ತಲ್ಲ ಅಜ್ಜಾ!"

ಜನ ನಕ್ಕರು. ಸೀಟಿ ನಗಲಿಲ್ಲ.

"ತಪ್ಪು ಒಪ್ಪಿಕೊಂಡ್ರಿ, ದೊಡ್ಡತನ. ಆದ್ರೆ ನಾಳೆ ಮತ್ತೆ ಜಾರಿದ್ರೆ? ಜನಕ್ಕೆ ಚೀಲದ ಮೇಲೆ ನಂಬಿಕೆ ಹೋಗಿದೆ."

ಆಗ ದೋಣಿಯವನು ಬಾಯಿ ಬಿಟ್ಟ. ಅವನು ಮಿತಭಾಷಿ, ಕಟ್ಟೆಗೆ ಬಡಿದದ್ದು ತನ್ನ ಕೈಯಿಂದ ಎಂದು ಅವನಿಗೂ ನಾಲ್ಕು ದಿನ ನಿದ್ದೆ ಇರಲಿಲ್ಲವಂತೆ.

"ಚೀಲ ಸುಳ್ಳು ಹೇಳಿಲ್ಲ," ಎಂದ. "ಅದು ಇದ್ದ ಕಡೆ ಗಾಳಿ ಹೇಗಿತ್ತೋ ಹಾಗೇ ಹೇಳ್ತು. ಇರಬೇಕಾದ ಕಡೆ ಅದನ್ನ ಇಟ್ಟಿರಲಿಲ್ಲ, ಅಷ್ಟೇ. ದೋಣಿ ನಡೆಸೋನು ನಾನು. ನನಗೆ ಆ ಚೀಲವೇ ಬೇಕು."

ಸೀಟಿ ಮೂರು ಕೆಂಪು ಪಟ್ಟಿಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಏನಿದು ಎಂದು ಕೇಳಿದ, ವಿವರಿಸಿದೆ. "ಹೊಲಿಗೆ ಅಷ್ಟಕ್ಕಷ್ಟೇ," ಎಂದು ವಾಪಸು ಕೊಟ್ಟ. "ನಿಲ್ಸಿ. ಮೂರು ಕಾಣದ ದಿನ ನಾನೇ ಕಿತ್ತು ಹಾಕ್ತೀನಿ."

"ನನ್ನ ಕೈ?" ಎಂದಳು ಮೊಟ್ಟೆಯಾಕೆ. "ಇದು ನೆಟ್ಟಗಾಗೋ ತನಕ ದೋಣಿಯಿಂದ ಮಾರ್ಕೆಟ್ಟಿಗೆ ತಟ್ಟೆ ನೀನೇ ಹೊರು. ಹೇಗೂ ಬೆಳಗಿಂದ ಬೀದಿ ಸುತ್ತೋನು."

ಒಪ್ಪಿದೆ. ಕಂಬ ನಿಲ್ಲಿಸಿದೆವು. ಒಣ ಕೀಲು ತಿರುಚುವಾಗ ಕಿರ್ರೆಂದಿತು. ಹಲ್ಲು ಕಚ್ಚಿ ಕೇಳಿಸಿಕೊಂಡೆ.

ಈಗ ದಿನವೂ ಬೆಳಿಗ್ಗೆ ಮೊದಲ ದೋಣಿ ಬರುವ ಹೊತ್ತಿಗೆ ಕಟ್ಟೆಯಲ್ಲಿರುತ್ತೇನೆ. ಕೆಳಗಿನ ಕೀಲುಗಳನ್ನು ಒಮ್ಮೆ ಕೈಯಿಟ್ಟು ನೋಡುತ್ತೇನೆ. ಗಾಳಿ ಜೋರಾದ ದಿನ ಚೀಲವನ್ನು ಬಿಚ್ಚಿ, ಕಂಬವನ್ನು ಬುಡದ ಕೀಲಿನಿಂದ ಶುರುಮಾಡಿ ಕುಗ್ಗಿಸಿಡುತ್ತೇನೆ. ಆವತ್ತು ದೋಣಿಯೂ ಇಲ್ಲ. ಮಿಕ್ಕ ದಿನ ದೋಣಿ ಇನ್ನೂ ದೂರವಿರುವಾಗಲೇ ಅದರ ಮುಂದಿನ ತುದಿಯಲ್ಲಿ ಒಂದು ಕೈ ಮೇಲೇಳುತ್ತದೆ. ಮೂರು ಬೆರಳು. ನಾನೂ ಮೂರು ಬೆರಳು ತೋರಿಸುತ್ತೇನೆ.

ಆಮೇಲೆ ಆರು ತಟ್ಟೆ ಮೊಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಮಾರ್ಕೆಟ್ಟಿನ ಕಡೆ ಹೊರಡುತ್ತೇನೆ. ಅಷ್ಟು ಮೊಟ್ಟೆ ಹಿಡಿದು ಬೇಗ ನಡೆಯಲು ಬರುವುದಿಲ್ಲ. ಮೊಟ್ಟೆಯಾಕೆ ಪಕ್ಕದಲ್ಲಿ, "ನಿಧಾನ ಅಜ್ಜಾ, ನಿಧಾನ, ನಿನ್ನ ಎಣ್ಣೆಡಬ್ಬಿ ಅಲ್ಲ ಅದು," ಎನ್ನುತ್ತಾ ಬರುತ್ತಾಳೆ. ಮನೆಯಲ್ಲಿ ಅರ್ಧಕ್ಕೆ ನಿಂತ ಪ್ರಾರ್ಥನೆಯ ಉಳಿದ ಭಾಗವನ್ನು ನಾನು ಆ ದಾರಿಯಲ್ಲಿ ಹೇಳಿಕೊಳ್ಳುತ್ತೇನೆ. ಮಾರ್ಕೆಟ್ಟು ಬರುವಷ್ಟರಲ್ಲಿ ಕೆಲವು ದಿನ ಅದು ಮುಗಿದಿರುತ್ತದೆ.